ಹಳ್ಳದ ದಡದಿಂದ ಕಯಾಕ್ ನೀರಿಗಿಳಿಸುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ದೊಡ್ಡ ನದಿಯಲ್ಲಿ ನಾಲ್ಕಾರು ಸಲ ಕಯಾಕ್ (ಕೂತು ಹುಟ್ಟು ಹಾಕುವ ಕಿರಿದಾದ ದೋಣಿ) ಓಡಿಸಿ, ಈಗ ಕಿರಿದಾದ ಹಳ್ಳಕ್ಕೆ ಇಳಿಯೋಣ ಅಂತ ಹೊರಟವರು ಕೇಳುವ ಪ್ರಶ್ನೆಗಳಿವು. ರಭಸದ ನೀರಿನ ನಡುವೆ ಏನು ಮಾಡಬೇಕು ಎನ್ನುವುದು ಇಲ್ಲಿ ಕಮ್ಮಿ. ದಡದ ಮೇಲೆ ನಿಂತಿರುವ ಆ ಅರ್ಧ ಗಂಟೆಯಲ್ಲಿ ಏನು ಮಾಡಬೇಕು ಎನ್ನುವುದೇ ಜಾಸ್ತಿ. ಯಾಕೆಂದರೆ "ಬೇಡ, ವಾಪಸ್ ಹೋಗೋಣ" ಅಂತ ಸಲೀಸಾಗಿ ಹೇಳಬಹುದಾದ ಕೊನೆಯ ಜಾಗ ಅದೇ. 300 ಮೀಟರ್ ಕೆಳಗೆ ಹೋಗಿ, ಎರಡೂ ಕಡೆ ಗೋಡೆಯಂಥ ಬಂಡೆ ಎದ್ದ ಮೇಲೆ ಆ ಮಾತು ಹೇಳಿದರೂ ಒಂದೇ, ಬಿಟ್ಟರೂ ಒಂದೇ.

ಪುಟ್-ಇನ್, ಟೇಕ್-ಔಟ್ ಅಂದರೆ?

ನೀರಿಗೆ ಇಳಿಯುವ ಜಾಗ ಪುಟ್-ಇನ್. ನೀರಿನಿಂದ ಹತ್ತುವ ಜಾಗ ಟೇಕ್-ಔಟ್. ಜೊತೆಗೆ ಇನ್ನೊಂದು ಗೊತ್ತಿರಲಿ: ಎಡದಂಡೆ, ಬಲದಂಡೆ ಎನ್ನುವುದು ನೀರು ಹರಿದುಹೋಗುವ ಕಡೆ ಮುಖ ಮಾಡಿ ನಿಂತಾಗಿನ ಲೆಕ್ಕ. ನೀವು ಹಿಂದೆ ತಿರುಗಿ ಕೂತಿದ್ದರೂ ಅದು ಬದಲಾಗುವುದಿಲ್ಲ.

ನದಿಯಲ್ಲಿ ಕ್ಲಾಸ್ 3 (ನೀರು ಎಷ್ಟು ಕಷ್ಟ ಅಂತ ಹೇಳುವ ನಂಬರು) ಆರಾಮಾಗಿ ಹೋಗುತ್ತೇನೆ. ಹಳ್ಳ ಅದಕ್ಕಿಂತ ಚಿಕ್ಕದಲ್ವಾ?

ಚಿಕ್ಕದು ಹೌದು, ಸುಲಭ ಅಲ್ಲ. ನದಿಯಲ್ಲಿ ನೀರು ಜಾಸ್ತಿ, ಜಾಗವೂ ಜಾಸ್ತಿ. ಮಗುಚಿದರೆ ಕೆಳಗೆ ಎಷ್ಟೋ ಸಲ ಉದ್ದನೆಯ ಮಡು ಸಿಗುತ್ತದೆ. ಉಸಿರು ತೆಗೆದುಕೊಂಡು, ದೋಣಿ ಹಿಡಿದು, ನಗಾಡಿಕೊಂಡು ದಡ ಸೇರಬಹುದು. ಹಳ್ಳದಲ್ಲಿ ಒಂದು ಇಳಿಜಾರು ಮುಗಿಯುವುದರೊಳಗೆ ಇನ್ನೊಂದು ಶುರುವಾಗಿರುತ್ತದೆ. ತಿರುವು ಬಿಗಿ, ಆಚೆ ಏನಿದೆ ಅಂತ ಕಾಣುವುದಿಲ್ಲ. ಬಂಡೆಯ ಹಿಂದೆ ನೀರು ಸುತ್ತಿಕೊಂಡು ಮೇಲುಗಡೆಗೆ ಮರಳುವ ಜಾಗಕ್ಕೆ ಎಡ್ಡಿ ಅನ್ನುತ್ತಾರೆ. ನಮಗೆ ಅದೇ ಬಸ್‌ಸ್ಟಾಪ್. ನದಿಯ ಎಡ್ಡಿಯಲ್ಲಿ ಐದಾರು ದೋಣಿ ನಿಲ್ಲುತ್ತವೆ. ಹಳ್ಳದ ಎಡ್ಡಿಯಲ್ಲಿ ಒಂದು, ಒತ್ತಿಕೊಂಡರೆ ಎರಡು. ನೀವು ಬರುವ ಹೊತ್ತಿಗೆ ಅಲ್ಲಿ ಇನ್ನೊಬ್ಬರು ಕೂತಿದ್ದರೆ ಮುಂದಕ್ಕೆ ಹೋಗದೆ ದಾರಿಯಿಲ್ಲ.

ಎಲ್ಲಕ್ಕಿಂತ ದೊಡ್ಡ ತಲೆನೋವು ಮರ. ಅಗಲವಾದ ನದಿಗೆ ಮರ ಬಿದ್ದರೆ ಪಕ್ಕದಲ್ಲಿ ದಾರಿ ಉಳಿದಿರುತ್ತದೆ. ಹಳ್ಳಕ್ಕೆ ಬಿದ್ದ ಮರ ಈ ದಡದಿಂದ ಆ ದಡಕ್ಕೆ ಅಡ್ಡ ಕೂರುತ್ತದೆ. ಕೊಂಬೆಗಳ ಸಂದಿಯಲ್ಲಿ ನೀರು ಸೋಸಿಕೊಂಡು ಹೋಗುತ್ತದೆ, ಮನುಷ್ಯ ಅಲ್ಲೇ ಸಿಕ್ಕಿಕೊಳ್ಳುತ್ತಾನೆ. ಕಯಾಕಿಂಗ್ ಮಾಡುವವರು ಇದಕ್ಕೆ ಸ್ಟ್ರೇನರ್ ಅನ್ನುತ್ತಾರೆ, ಅಂದರೆ ಜರಡಿ. ಹೋದ ತಿಂಗಳು ಇಲ್ಲದ ಮರ ಈ ತಿಂಗಳು ಇರಬಹುದು. ಹಾಗಾಗಿ "ನಾನು ಇಲ್ಲಿ ಹತ್ತು ಸಲ ಹೋಗಿದ್ದೇನೆ" ಎನ್ನುವ ಮಾತಿಗೆ ಹಳ್ಳದಲ್ಲಿ ಅಷ್ಟು ಬೆಲೆಯಿಲ್ಲ.

ಕ್ಲಾಸ್ ನಂಬರನ್ನು ಎಷ್ಟು ನಂಬಬಹುದು?

ಅರ್ಧ. ಅಂತರರಾಷ್ಟ್ರೀಯ ಅಳತೆಯಲ್ಲಿ 1 ರಿಂದ 6 ರ ತನಕ ಇದೆ. 1 ಅಂದರೆ ಸಣ್ಣ ಅಲೆಯ ಹರಿವು, 6 ಅಂದರೆ ಪಳಗಿದವರೂ ಹತ್ತು ಸಲ ಯೋಚಿಸುವಂಥದ್ದು. ಆದರೆ ಆ ನಂಬರು ಯಾರೋ ಒಬ್ಬರು, ಯಾವುದೋ ಒಂದು ಮಟ್ಟದ ನೀರಿನಲ್ಲಿ ಕೊಟ್ಟದ್ದು. ನೀರು ಒಂದಡಿ ಏರಿದರೆ ಅದೇ ಹಳ್ಳ ಬೇರೆ ಹಳ್ಳ. ನೀರು 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ, ಇಲ್ಲವೇ ರಸ್ತೆ ತುಂಬಾ ದೂರ ಇದ್ದರೆ, ಬರೆದಿರುವುದಕ್ಕಿಂತ ಒಂದು ಕ್ಲಾಸ್ ಮೇಲೆ ಅಂತ ಲೆಕ್ಕ ಹಾಕುವುದು ಹಳೆಯ ರೂಢಿ. ಒಳ್ಳೆಯ ರೂಢಿ ಕೂಡ.

ಇವತ್ತು ನೀರು ಸರಿಯಾಗಿದೆಯಾ ಅಂತ ಹೇಗೆ ಗೊತ್ತಾಗುತ್ತದೆ?

ಮಾಪಕ ಇದ್ದರೆ ಮನೆಯಲ್ಲೇ ನೋಡಿ. ಅದು ನೀರಿನ ಎತ್ತರವನ್ನೋ ಹರಿವನ್ನೋ ಹೇಳುತ್ತದೆ. ಹರಿವನ್ನು ಕ್ಯೂಸೆಕ್‌ನಲ್ಲಿ ಕೊಟ್ಟಿದ್ದರೆ, ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್. ಡ್ಯಾಮಿನ ಸುದ್ದಿಯಲ್ಲಿ ಸಾವಿರಗಟ್ಟಲೆ ಕ್ಯೂಸೆಕ್ ಕೇಳಿದವರಿಗೆ 200 ಅಂದರೆ ಏನೂ ಅಲ್ಲ ಅನ್ನಿಸಬಹುದು. ಆದರೆ ಐದು ಮೀಟರ್ ಅಗಲದ ಹಳ್ಳದಲ್ಲಿ 200 ಕ್ಯೂಸೆಕ್ ಅಂದರೆ ಪ್ರತಿ ಸೆಕೆಂಡಿಗೂ ಐದೂವರೆ ಟನ್‌ಗಿಂತ ಜಾಸ್ತಿ ನೀರು ನಿಮ್ಮ ಪಕ್ಕದಲ್ಲಿ ನುಗ್ಗುತ್ತಿದೆ ಅಂತ. ನೀರಿನ ವೇಗ ಎರಡರಷ್ಟಾದರೆ ಅದು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ.

ಮಾಪಕ ಏನೇ ಹೇಳಲಿ, ದಡಕ್ಕೆ ಬಂದ ಮೇಲೆ ಕಣ್ಣಿನ ಮಾತು ಕೇಳಿ. ಮಳೆಯಿಂದ ತುಂಬುವ ಹಳ್ಳ ಬೇಗ ಏರುತ್ತದೆ, ಬೇಗ ಇಳಿಯುತ್ತದೆ. ನಿಮ್ಮ ತಲೆ ಮೇಲೆ ಬಿಸಿಲಿರಬಹುದು, ಮೇಲುಗಡೆ ಬೆಟ್ಟದಲ್ಲಿ ಸುರಿಯುತ್ತಿರಬಹುದು. ನಾನು ಮಾಡುವುದು ಇಷ್ಟು: ಬಂದ ತಕ್ಷಣ ನೀರಿನ ಅಂಚಿನಲ್ಲಿ ಒಂದು ಮುಷ್ಟಿ ಗಾತ್ರದ ಕಲ್ಲಿಡುತ್ತೇನೆ, ಅರ್ಧ ಒದ್ದೆ, ಅರ್ಧ ಒಣಗಿರುವಂತೆ. ಆಮೇಲೆ ದೋಣಿ ಇಳಿಸಿ, ಬಟ್ಟೆ ಬದಲಿಸಿ, ಮಾತಾಡಿ ಮುಗಿಸುವ ಹೊತ್ತಿಗೆ ಇಪ್ಪತ್ತು ನಿಮಿಷ ಆಗಿರುತ್ತದೆ. ವಾಪಸ್ ಹೋಗಿ ಕಲ್ಲು ನೋಡುತ್ತೇನೆ. ಇದ್ದಲ್ಲೇ ಇದ್ದರೆ ಸರಿ. ಪೂರ್ತಿ ಒಣಗಿದ್ದರೆ ನೀರು ಇಳಿಯುತ್ತಿದೆ, ಕೆಳಗೆ ದೋಣಿ ಎಳೆಯಬೇಕಾದೀತು. ಕಲ್ಲು ಮುಳುಗಿದ್ದರೆ, ಅಥವಾ ನೀರು ಕದಡಿ ಒಣ ಎಲೆ, ಕಡ್ಡಿ, ಪುರುಳೆ ತೇಲಿ ಬರಲು ಶುರುವಾಗಿದ್ದರೆ, ಅವತ್ತು ಇಳಿಯುವುದಿಲ್ಲ. ಮೇಲುಗಡೆ ಡ್ಯಾಮಿದ್ದರೆ ನೀರು ಯಾವಾಗ ಬಿಡುತ್ತಾರೆ ಅಂತ ಮೊದಲೇ ಕೇಳಿಕೊಂಡಿರಬೇಕು. ಆಗ ಕಲ್ಲು ನೋಡುವಷ್ಟು ಪುರುಸೊತ್ತು ಸಿಗುವುದಿಲ್ಲ.

ಒಳ್ಳೆಯ ಪುಟ್-ಇನ್ ಹೇಗಿರುತ್ತದೆ?

ದಡಕ್ಕೆ ತಾಗಿ ಒಂದು ನಿಜವಾದ ಎಡ್ಡಿ ಇರಬೇಕು. ದೋಣಿ ನೀರಿಗಿಟ್ಟು, ಕೂತು, ಸ್ಕರ್ಟ್ (ನೀರು ಒಳಗೆ ಬರದಂತೆ ಸೊಂಟಕ್ಕೂ ದೋಣಿಯ ಬಾಯಿಗೂ ಬಿಗಿಯುವ ಹೊದಿಕೆ) ಹಾಕಿಕೊಳ್ಳುವ ತನಕ ಅದು ಎಲ್ಲೂ ಓಡಿಹೋಗಬಾರದು. ಎಷ್ಟೋ ಕಡೆ ಸೇತುವೆ ಕೆಳಗೆ ಇಳಿಯುವುದು ವಾಡಿಕೆ, ಯಾಕೆಂದರೆ ರಸ್ತೆ ಅಲ್ಲಿಗೆ ಬರುತ್ತದೆ. ಗಾಡಿಗೆ ಅನುಕೂಲವಾದ ಜಾಗ ದೋಣಿಗೂ ಅನುಕೂಲ ಅಂತ ಏನಿಲ್ಲ. ಸೇತುವೆ ಕಂಬಕ್ಕೆ ಮರದ ದಿಮ್ಮಿ ಸಿಕ್ಕಿಕೊಂಡಿರುತ್ತದೆ, ಕಬ್ಬಿಣದ ಸರಳು ನೀರಿನೊಳಗೆ ಚಾಚಿಕೊಂಡಿರುತ್ತದೆ.

ಇನ್ನೊಂದು, ಮೊದಲ ರ‍್ಯಾಪಿಡ್ (ಬಂಡೆಗಳ ನಡುವೆ ನೀರು ರಭಸದಿಂದ ನುಗ್ಗುವ ಜಾಗ) ಎಷ್ಟು ದೂರದಲ್ಲಿದೆ ನೋಡಿ. ಮೈ ಬಿಸಿಯಾಗಲು ಐವತ್ತು ಮೀಟರ್ ಸುಲಭದ ನೀರು ಇದ್ದರೆ ಅದು ಪುಣ್ಯ. ದಡ ಬಿಟ್ಟ ಕೂಡಲೇ ಗಟ್ಟಿ ರ‍್ಯಾಪಿಡ್ ಇದ್ದರೆ ದೋಣಿ ಹೊತ್ತು ಅದರ ಕೆಳಗೆ ಹೋಗಿ ಇಳಿಯಿರಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ದಾರಿ ಯಾರದೋ ಜಮೀನಿನ ಮೇಲೆ ಹೋಗುತ್ತದಲ್ಲ?

ಕೇಳಿ. ಗೇಟು ತೆಗೆದಿದ್ದರೆ ತೆಗೆದೇ ಬಿಡಿ, ಮುಚ್ಚಿದ್ದರೆ ಮುಚ್ಚಿಯೇ ಮುಂದೆ ಹೋಗಿ. ಗಾಡಿಯನ್ನು ಟ್ರ್ಯಾಕ್ಟರ್ ಓಡಾಡುವ ಜಾಗದಲ್ಲಿ ನಿಲ್ಲಿಸಬೇಡಿ. ರಸ್ತೆ ಬದಿಯಲ್ಲಿ ಎಲ್ಲರೆದುರು ಬಟ್ಟೆ ಬದಲಿಸಬೇಡಿ. ಒಬ್ಬರ ಒರಟುತನಕ್ಕೆ ಬೇಲಿ ಬಿದ್ದ ಜಾಗಗಳನ್ನು ನೋಡಿದ್ದೇನೆ. ಆಮೇಲೆ ಯಾರಿಗೂ ಆ ಹಳ್ಳ ಇಲ್ಲ.

ಶಟಲ್ ಅಂದರೆ ಏನು, ಅದಕ್ಕೆ ಅಷ್ಟೊಂದು ಚರ್ಚೆ ಯಾಕೆ?

ನೀವು ಒಂದು ಕಡೆ ಇಳಿದು ಇನ್ನೊಂದು ಕಡೆ ಹತ್ತುತ್ತೀರಿ. ಗಾಡಿ ತಾನಾಗಿ ಅಲ್ಲಿಗೆ ಬರುವುದಿಲ್ಲ, ಅಲ್ವಾ? ಎಲ್ಲರೂ ಎರಡು ಗಾಡಿಯಲ್ಲಿ ಮೊದಲು ಪುಟ್-ಇನ್‌ಗೆ ಬಂದು ದೋಣಿ, ಸಾಮಾನು ಇಳಿಸುತ್ತಾರೆ. ಡ್ರೈವರುಗಳು ಎರಡನ್ನೂ ಟೇಕ್-ಔಟ್‌ಗೆ ಒಯ್ದು, ಒಂದನ್ನು ಅಲ್ಲಿ ಬಿಟ್ಟು, ಇನ್ನೊಂದರಲ್ಲಿ ವಾಪಸ್ ಬರುತ್ತಾರೆ. ಉಳಿದವರು ಅಷ್ಟರಲ್ಲಿ ತಯಾರಾಗುತ್ತಾರೆ. ಒಣ ಬಟ್ಟೆ, ಕುಡಿಯುವ ನೀರು, ತಿಂಡಿ ಟೇಕ್-ಔಟ್ ಗಾಡಿಯಲ್ಲಿರಬೇಕು. ಅದರ ಕೀ ನಿಮ್ಮ ಜೊತೆ ನೀರಿಗೆ ಬರಬೇಕು.

ಆ ಕೀ ವಿಷಯ ಬರೆಯುವಾಗ ನನಗೆ ಈಗಲೂ ಮುಖ ಕೆಂಪಾಗುತ್ತದೆ. ಒಂದು ಸಲ ನಾಲ್ಕು ಗಂಟೆ ಹಳ್ಳದಲ್ಲಿ ಒದ್ದಾಡಿ, ಖುಷಿಯಾಗಿ ದಡ ಹತ್ತಿ, ಗಾಡಿ ಹತ್ತಿರ ಹೋದರೆ ಕೀ ಇಲ್ಲ. ಅದು ಪುಟ್-ಇನ್‌ನಲ್ಲಿ ಬಿಟ್ಟ ಗಾಡಿಯ ಸೀಟಿನ ಮೇಲೆ, ನನ್ನ ಪ್ಯಾಂಟಿನ ಜೇಬಿನಲ್ಲಿ ಆರಾಮಾಗಿ ಮಲಗಿತ್ತು. ಒದ್ದೆ ಬಟ್ಟೆಯಲ್ಲಿ ಒಂಬತ್ತು ಕಿಲೋಮೀಟರ್ ನಡೆದೆ. ಜೊತೆಯವರು ಇವತ್ತಿಗೂ ದಡದಲ್ಲಿ ನನ್ನ ಮುಖ ನೋಡಿದರೆ ಮೊದಲು ಕೇಳುವುದು "ಕೀ ಎಲ್ಲಪ್ಪಾ?" ಈಗ ಲೈಫ್ ಜಾಕೆಟ್ಟಿನ ಒಳಜೇಬಿನ ಕೊಕ್ಕೆಗೆ ಸಿಕ್ಕಿಸಿ ಜಿಪ್ ಎಳೆದು, ಇನ್ನೊಬ್ಬರಿಗೆ ತೋರಿಸುತ್ತೇನೆ. ಎಲೆಕ್ಟ್ರಾನಿಕ್ ಕೀ ಆದರೆ ನೀರು ಹೋಗದ ಚೀಲ ಬೇಕು.

ಟೇಕ್-ಔಟ್‌ನಲ್ಲಿ ಗಾಡಿ ಬಿಡುವಾಗ ಐದು ನಿಮಿಷ ನೀರಿನ ಹತ್ತಿರ ಹೋಗಿ, ಆ ಜಾಗ ನೀರಿನಿಂದ ಹೇಗೆ ಕಾಣುತ್ತದೆ ಅಂತ ನೋಡಿಕೊಳ್ಳಿ. ಬಾಗಿದ ಮರವೋ, ಬಿಳಿ ಬಂಡೆಯೋ, ಏನಾದರೂ ಗುರುತು. ಟೇಕ್-ಔಟ್ ದಾಟಿದ ಮೇಲೆ ಕೆಳಗೆ ಜಲಪಾತವೋ ಅಡ್ಡಕಟ್ಟೆಯೋ ಇರುವ ಹಳ್ಳಗಳಿವೆ. ಅಲ್ಲಿ ಇದು ತಮಾಷೆಯ ಮಾತಲ್ಲ.

ಎಷ್ಟು ಜನ ಇರಬೇಕು?

ಕನಿಷ್ಠ ಮೂರು. ಒಬ್ಬರು ಸಿಕ್ಕಿಕೊಂಡರೆ ಒಬ್ಬರು ಜೊತೆಗಿರಲು, ಒಬ್ಬರು ಸಹಾಯ ತರಲು. ಐದಾರಕ್ಕಿಂತ ಜಾಸ್ತಿಯಾದರೆ ಆ ಪುಟ್ಟ ಎಡ್ಡಿಗಳಲ್ಲಿ ಜಾಗ ಸಾಲದು. ಎರಡು ಗುಂಪು ಮಾಡಿ.

ಸಾಮಾನು ಏನೇನು ಬೇಕು?

ಲೈಫ್ ಜಾಕೆಟ್ ಮತ್ತು ಹೆಲ್ಮೆಟ್ ಬಗ್ಗೆ ಚರ್ಚೆಯೇ ಇಲ್ಲ. ಜಾಕೆಟ್ ಹಾಕಿ ಪಟ್ಟಿ ಬಿಗಿದ ಮೇಲೆ, ಇನ್ನೊಬ್ಬರಿಗೆ ಹೆಗಲ ಹತ್ತಿರ ಹಿಡಿದು ಮೇಲಕ್ಕೆಳೆಯಲು ಹೇಳಿ. ಅದು ಕಿವಿ ತನಕ ಬಂದರೆ ಸಡಿಲ ಇದೆ. ಕಾಲಿಗೆ ಬೆರಳು ಮುಚ್ಚುವ, ಜಾರದ ಶೂ. ಚಪ್ಪಲಿ ಹಾಕಿ ಬಂದವರನ್ನು ನಾನು ಕರೆದುಕೊಂಡು ಹೋಗುವುದಿಲ್ಲ. ಪ್ರತಿಯೊಬ್ಬರ ಹತ್ತಿರ ಸೀಟಿ ಮತ್ತು ಥ್ರೋ ಬ್ಯಾಗ್ ಇರಬೇಕು. ಅಂದರೆ ಎಸೆಯುವ ಚೀಲದಲ್ಲಿ ತುಂಬಿದ 15–20 ಮೀಟರ್ ತೇಲುವ ಹಗ್ಗ. ಹಗ್ಗ ಇದ್ದ ಮೇಲೆ ಚಾಕೂ ಇರಬೇಕು, ಸಿಕ್ಕಿಕೊಂಡರೆ ಕತ್ತರಿಸಲು. ಗುಂಪಿಗೆ ಒಂದು ಬಿಡಿಸಿ ಜೋಡಿಸುವ ಪ್ಯಾಡಲ್, ಪ್ರಥಮ ಚಿಕಿತ್ಸೆಯ ಡಬ್ಬಿ, ಬಂಡೆಗೆ ಅಂಟಿದ ದೋಣಿ ಎಳೆಯಲು ಒಂದೆರಡು ರಾಟೆ ಮತ್ತು ಕ್ಯಾರಬೀನರ್ (ಹಗ್ಗ ಸಿಕ್ಕಿಸುವ ಲೋಹದ ಕೊಕ್ಕೆ), ಒಂದು ಟಾರ್ಚು. ದೋಣಿಯೊಳಗೆ ಗಾಳಿ ಚೀಲ ಊದಿರಲಿ. ನೀರು ತುಂಬಿದ ಕಯಾಕನ್ನು ಹಳ್ಳದಲ್ಲಿ ಹಿಡಿಯುವುದು ಗೂಳಿ ಹಿಡಿದ ಹಾಗೆ.

ಉಂಗುರ ಮನೆಯಲ್ಲಿಡಿ.

ಬಿಸಿಲಿದೆ, ಆದರೆ ನೀರು ತಣ್ಣಗಿದೆ. ಯಾವ ಬಟ್ಟೆ ಹಾಕಲಿ?

ನೀರಿಗೆ ತಕ್ಕಂತೆ, ಗಾಳಿಗೆ ತಕ್ಕಂತೆ ಅಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ತುಂಬಾ ತಣ್ಣನೆಯ ನೀರಿಗೆ ಬಿದ್ದವರ ಬಗ್ಗೆ 1-10-1 ಅಂತ ಒಂದು ಲೆಕ್ಕ ಇದೆ. ಏದುಸಿರು ಹತೋಟಿಗೆ ಬರಲು ಸುಮಾರು 1 ನಿಮಿಷ, ಕೈಕಾಲು ಮಾತು ಕೇಳುವುದು ಸುಮಾರು 10 ನಿಮಿಷ, ಪ್ರಜ್ಞೆ ತಪ್ಪುವುದಕ್ಕೆ ಸುಮಾರು 1 ಗಂಟೆ. ಹಳ್ಳದಲ್ಲಿ ನಮಗೆ ಮುಖ್ಯವಾದದ್ದು ನಡುವಿನ ಹತ್ತು. ಹಗ್ಗ ಕಣ್ಣೆದುರಿಗೇ ಬಂದು ಬಿದ್ದರೂ ಬೆರಳು ಮಡಚಲು ಬಾರದಿದ್ದರೆ ಏನು ಪ್ರಯೋಜನ? ವೆಟ್‌ಸೂಟ್ (ಒದ್ದೆಯಾದರೂ ಮೈ ಬೆಚ್ಚಗಿಡುವ ಬಿಗಿ ಉಡುಪು) ಅಥವಾ ಡ್ರೈಸೂಟ್ (ನೀರು ಒಳಗೆ ಬರದ ಉಡುಪು) ಹಾಕಿ. ಹತ್ತಿ ಬಟ್ಟೆ ಒದ್ದೆಯಾದರೆ ಬೆಚ್ಚಗಿಡುವುದಿಲ್ಲ, ಬೇಡ. ದಡದಲ್ಲಿ ಬೆವರಿದರೆ ನೀರಿನಲ್ಲಿ ಒಮ್ಮೆ ಮುಖ ತೊಳೆದುಕೊಳ್ಳಿ, ಅಷ್ಟೇ.

ಸ್ಪ್ರೇ ಸ್ಕರ್ಟ್ ಹಾಕಿಕೊಳ್ಳುವಾಗ ಏನು ತಪ್ಪಾಗುತ್ತದೆ?

ಒಂದೇ ತಪ್ಪು, ಆದರೆ ದೊಡ್ಡದು. ಸ್ಕರ್ಟನ್ನು ಹಿಂದಿನಿಂದ ಶುರು ಮಾಡಿ, ಎರಡೂ ಪಕ್ಕ ಒತ್ತಿ, ಕೊನೆಗೆ ಮುಂದಕ್ಕೆ ಬಾಗಿ ತುದಿಯನ್ನು ಅಂಚಿನ ಕೆಳಗೆ ಸಿಕ್ಕಿಸುತ್ತೀರಿ. ಆ ತುದಿಯಲ್ಲಿ ಒಂದು ಪಟ್ಟಿಯ ಕುಣಿಕೆ ಇರುತ್ತದೆ. ಅವಸರದಲ್ಲಿ ಅದು ಒಳಗೆ ಮಡಚಿಕೊಂಡರೆ ಮೇಲಿನಿಂದ ಎಲ್ಲ ಸರಿಯಾಗಿಯೇ ಕಾಣುತ್ತದೆ. ತಲೆಕೆಳಗಾಗಿ ನೀರಿನೊಳಗೆ ತಡಕಾಡಿದಾಗ ಮಾತ್ರ ಕೈಗೆ ಏನೂ ಸಿಗುವುದಿಲ್ಲ. ಆದ್ದರಿಂದ ಹಾಕಿದ ಮೇಲೆ ಕಣ್ಣು ಮುಚ್ಚಿ, ಒಂದು ಕೈಯಲ್ಲಿ ಕುಣಿಕೆ ಹುಡುಕಿ, ಟಕ್ ಅಂತ ಎಳೆದು ಬಿಚ್ಚಿ. ಮತ್ತೆ ಹಾಕಿ. ಪಕ್ಕದವರ ಕುಣಿಕೆಯ ಮೇಲೂ ಒಂದು ಕಣ್ಣಿಡಿ.

ಹೊರಡುವ ಮುಂಚೆ ಎಲ್ಲರೂ ಸೇರಿ ಏನು ಮಾತಾಡಬೇಕು?

ಸುಮ್ನೆ ಹರಟೆ ಹೊಡೆಯುವ ಹೊತ್ತಲ್ಲ ಅದು, ಆದರೆ ಭಾಷಣವೂ ಬೇಡ. ಮುಂದೆ ಯಾರು, ಕೊನೆಗೆ ಯಾರು. ಯಾವ ರ‍್ಯಾಪಿಡ್‌ಗಳನ್ನು ಇಳಿದು ನೋಡಿ ಹೋಗುತ್ತೇವೆ. ಎಷ್ಟು ಗಂಟೆಗೆ ಅರ್ಧ ದಾರಿ ತಲುಪದಿದ್ದರೆ ಹತ್ತಿ ನಡೆಯುತ್ತೇವೆ. ಕೊರಕಲಿನಲ್ಲಿ ಕತ್ತಲು ಬೇಗ ಬರುತ್ತದೆ. ಯಾರಿಗಾದರೂ ಭುಜದ ನೋವು, ಆಸ್ತಮಾ ಇದೆಯಾ. ದಡದಾಚೆ ಇರುವ ಯಾರಿಗೆ ನಮ್ಮ ವಾಪಸಾತಿಯ ಸಮಯ ಹೇಳಿದ್ದೇವೆ.

ಆಮೇಲೆ ಸನ್ನೆ. ನೀರಿನ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ಪ್ಯಾಡಲನ್ನು ತಲೆ ಮೇಲೆ ಅಡ್ಡ ಹಿಡಿದರೆ ನಿಲ್ಲಿ. ನೆಟ್ಟಗೆ ಹಿಡಿದರೆ ದಾರಿ ಸರಿಯಿದೆ, ಬನ್ನಿ. ತಲೆ ತಟ್ಟಿಕೊಂಡರೆ ನಾನು ಚೆನ್ನಾಗಿದ್ದೇನೆ. ಮೂರು ಸಲ ಉದ್ದನೆಯ ಸೀಟಿ ಅಂದರೆ ಅಪಾಯ. ಕೈ ತೋರಿಸುವುದು ಯಾವಾಗಲೂ ಹೋಗಬೇಕಾದ ಕಡೆಗೆ. ಬಂಡೆಯ ಕಡೆ ಬೆರಳು ಮಾಡಿ "ಅಲ್ಲಿ ಹುಷಾರು" ಅಂತ ಕೂಗಿದರೆ, ಮೇಲಿನಿಂದ ಬರುವವರು ನೇರ ಆ ಬಂಡೆಗೇ ಬರುತ್ತಾರೆ.

ಎಡ್ಡಿಯಿಂದ ಹರಿವಿಗೆ ಹೋಗುವಾಗಲೇ ಮಗುಚುತ್ತೇನೆ. ಯಾಕೆ?

ಬಹಳ ಜನರ ಕಥೆ ಇದು. ಎಡ್ಡಿಯ ನೀರು ಮೇಲುಗಡೆಗೆ, ಪಕ್ಕದ ಹರಿವು ಕೆಳಗಡೆಗೆ. ನಡುವೆ ನಡುಗುವ ಗೆರೆಯೊಂದು ಕಣ್ಣಿಗೇ ಕಾಣುತ್ತದೆ. ಆ ಗೆರೆಯನ್ನು ಮೆಲ್ಲಗೆ, ಹೆದರುತ್ತಾ ದಾಟಿದರೆ ದೋಣಿಯ ಮೂತಿ ಒಂದು ಕಡೆ, ಬಾಲ ಇನ್ನೊಂದು ಕಡೆ ಎಳೆದುಕೊಂಡು ನೀವು ನಡುವೆ ಬೀಳುತ್ತೀರಿ. ದೋಣಿಯ ಮೂತಿಯನ್ನು ಮೇಲುಗಡೆಗೆ ಸುಮಾರು 45 ಡಿಗ್ರಿ ಓರೆಯಾಗಿಟ್ಟು, ಎಡ್ಡಿಯೊಳಗೇ ಎರಡು ಮೂರು ಗಟ್ಟಿ ಏಟು ಹಾಕಿ ವೇಗ ತಗೊಳ್ಳಿ. ಮೂತಿ ಗೆರೆ ದಾಟುತ್ತಲೇ ಕೆಳಗಡೆಗೆ ವಾಲಿ, ಹರಿವು ಬಂದು ಬಡಿಯುವ ಕಡೆಯ ಅಂಚನ್ನು ಮೊಣಕಾಲಿನಿಂದ ಎತ್ತಿ. ಸೈಕಲ್ಲಿನಲ್ಲಿ ತಿರುವು ತಗೊಳ್ಳುವಾಗ ಒಳಗೆ ವಾಲುತ್ತೀರಲ್ಲ, ಹಾಗೆ. ಅಂಚು ಎತ್ತಲು ಮರೆತರೆ ನೀರು ಅದರ ಮೇಲೆ ಹತ್ತಿ ನಿಮ್ಮನ್ನು ಮಗುಚಿ ಹಾಕುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ.

ಬಂಡೆ ಮೇಲಿನಿಂದ ದೋಣಿ ಸಮೇತ ಜಾರಿ ಬೀಳುತ್ತಾರಲ್ಲ, ಅದು?

ಸೀಲ್ ಲಾಂಚ್. ಮಜಾ ಇದೆ. ಕೆಳಗೆ ಆಳ ಎಷ್ಟಿದೆ ಅಂತ ಪ್ಯಾಡಲ್ ಇಳಿಸಿ ನೋಡಿದ ಮೇಲೆ ಮಾತ್ರ ಮಾಡಿ. ಬೆರಳು ಬಂಡೆಗೂ ದೋಣಿಗೂ ನಡುವೆ ಇರಬಾರದು.

ಮೊದಲ ರ‍್ಯಾಪಿಡ್‌ನಲ್ಲೇ ದೋಣಿಯಿಂದ ಹೊರಬಿದ್ದರೆ?

ನಿಲ್ಲಬೇಡಿ. ಇದನ್ನು ನಾನು ದಡದಲ್ಲಿ ಮೂರು ಸಲ ಹೇಳುತ್ತೇನೆ. ಮೊಣಕಾಲಿನಷ್ಟೇ ನೀರಿದೆ, ಎದ್ದು ನಿಂತುಬಿಡೋಣ ಅಂತ ಎಲ್ಲರಿಗೂ ಅನ್ನಿಸುತ್ತದೆ. ಪಾದ ಎರಡು ಕಲ್ಲಿನ ಸಂದಿಗೆ ಹೋಗುತ್ತದೆ, ಹರಿವು ಬೆನ್ನಿನ ಮೇಲೆ ಒತ್ತುತ್ತದೆ, ಮುಖ ನೀರಿಗೆ ಬೀಳುತ್ತದೆ. ಬೆನ್ನ ಮೇಲೆ ಮಲಗಿ, ಕಾಲು ಕೆಳಗಡೆಗೆ, ಬೆರಳ ತುದಿ ನೀರಿನ ಮೇಲೆ ಕಾಣುವಂತೆ ಇಟ್ಟು ತೇಲಿ. ಕೈಯಿಂದ ದಡದ ಕಡೆ ಹೋಗುತ್ತಿರಿ. ಹಗ್ಗ ಬಂದರೆ ಹಗ್ಗ ಹಿಡಿಯಿರಿ, ಚೀಲ ಅಲ್ಲ. ಹೆಗಲ ಮೇಲೆ ಹಾಕಿಕೊಂಡು ಬೆನ್ನ ಮೇಲೇ ಇರಿ. ಕೈಗೆ ಸುತ್ತಿಕೊಳ್ಳಬೇಡಿ.

ಎದುರಿಗೆ ಅಡ್ಡ ಮರ ಬಂದರೆ ಮಾತ್ರ ಈ ಪಾಠ ಉಲ್ಟಾ. ಮೊದಲು ಹೊಟ್ಟೆ ಮೇಲೆ ತಿರುಗಿ ಪಕ್ಕಕ್ಕೆ ಈಜಿ ತಪ್ಪಿಸಿಕೊಳ್ಳಿ. ಆಗದಿದ್ದರೆ ತಲೆ ಮುಂದೆ ಮಾಡಿ, ಇದ್ದ ಶಕ್ತಿಯೆಲ್ಲ ಹಾಕಿ ಮರದ ಮೇಲೆ ಹತ್ತಿಬಿಡಿ. ಅದರ ಕೆಳಗೆ ಹೋಗಬಾರದು.

ಇಷ್ಟು ದೂರ ಬಂದು, ನೀರು ನೋಡಿ ವಾಪಸ್ ಹೋದರೆ ಜೊತೆಯವರು ನಗುವುದಿಲ್ವಾ?

ನಗಬಹುದು. ನಗುವವರ ಜೊತೆ ಇನ್ನೊಂದು ಸಲ ಬರಬೇಡಿ. ನಮ್ಮ ಗುಂಪಿನಲ್ಲಿ ಒಂದು ಕಟ್ಟಳೆ ಇದೆ: ದಡದ ಮೇಲೆ "ನನಗೆ ಇವತ್ತು ಬೇಡ" ಅಂದವರನ್ನು ಯಾಕೆ ಅಂತ ಕೇಳುವಂತಿಲ್ಲ. ಅವರು ಗಾಡಿ ಓಡಿಸಿಕೊಂಡು ಟೇಕ್-ಔಟ್‌ಗೆ ಬರುತ್ತಾರೆ. ನಿಜ ಹೇಳಬೇಕಂದರೆ, ಅವತ್ತು ಶಟಲ್ ತಾಪತ್ರಯ ತಪ್ಪಿತು ಅಂತ ಉಳಿದವರಿಗೆ ಒಳಗೊಳಗೇ ಖುಷಿ.

ಎಲ್ಲ ಆಯಿತು. ಇನ್ನೇನಾದರೂ ಮರೆಯುತ್ತಾರಾ?

ಡ್ರೇನ್ ಪ್ಲಗ್. ದೋಣಿಯ ಬಾಲದ ಹತ್ತಿರ ಹೆಬ್ಬೆರಳಿನ ಗಾತ್ರದ ಬಿರಡೆ. ಹಿಂದಿನ ಸಲ ನೀರು ಬಸಿದು, ಒಳಗೆ ಒಣಗಲಿ ಅಂತ ಬಿಚ್ಚಿಟ್ಟಿರುತ್ತೀರಿ. ಹಾಗೆ ಬಸಿದು, ತೊಳೆದು, ಒಣಗಿಸುವುದು ಸರಿಯೇ, ಒಂದು ಹಳ್ಳದ ಕಳೆ, ಹುಳು ಇನ್ನೊಂದಕ್ಕೆ ಹೋಗುವುದಿಲ್ಲ. ಆದರೆ ವಾಪಸ್ ತಿರುಗಿಸಿ ಹಾಕಬೇಕಲ್ಲ. ಹಾಕದಿದ್ದರೆ ಮೊದಲ ಎರಡು ರ‍್ಯಾಪಿಡ್ ಏನೂ ಗೊತ್ತಾಗುವುದಿಲ್ಲ. ಮೂರನೆಯದರಲ್ಲಿ ಬಾಲ ಭಾರ ಅನ್ನಿಸುತ್ತದೆ, ನಾಲ್ಕನೆಯದರಲ್ಲಿ ದೋಣಿ ತಿರುಗಲು ಒಲ್ಲೆ ಅನ್ನುತ್ತದೆ. ಹೊರಡುವ ಮುಂಚೆ ಎಲ್ಲರ ದೋಣಿಯ ಹಿಂದೆ ನಡೆದುಕೊಂಡು ಹೋಗಿ ಒಂದೊಂದು ಪ್ಲಗ್ಗನ್ನೂ ಬೆರಳಿನಲ್ಲಿ ಮುಟ್ಟಿ ನೋಡಿ. ಅಲ್ಲಿಂದ ಬರುವಾಗ ಅಂಚಿನಲ್ಲಿಟ್ಟ ಕಲ್ಲನ್ನು ಇನ್ನೊಮ್ಮೆ ನೋಡಿಬಿಡಿ.